ಬಲಗಡೆ ಟ್ಯಾಂಕ್

"ನಾನು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡ್ಬೇಡಿ ಸರ್."

ಫೋನಿನಲ್ಲಿ ಈ ಮಾತು ಹೇಳಲು ಕಲಿಯುವಷ್ಟರಲ್ಲಿ ನಾನು ಮೂರು ಕಾರು ನೋಡಿ ಮುಗಿಸಿದ್ದೆ. ಮೂರರದ್ದೂ ಒಂದೇ ಕಥೆ. ನಾನು ಹೋಗುವ ಹೊತ್ತಿಗೆ ಕಾರು ಮೈ ತೊಳೆದು ಮಿರಮಿರ ಮಿಂಚುತ್ತಾ ನಿಂತಿರುತ್ತಿತ್ತು. ಬಾನೆಟ್ ಮುಟ್ಟಿದರೆ ಬಿಸಿ. "ಈಗಷ್ಟೇ ಒಂದು ರೌಂಡ್ ಹೋಗಿ ಬಂದೆ" ಅನ್ನುತ್ತಿದ್ದರು. ಕೀ ತಿರುಗಿಸಿದ ಕೂಡಲೇ ಇಂಜಿನ್ ಹಿಡಿದುಕೊಳ್ಳುತ್ತಿತ್ತು. ನಾನು ಖುಷಿಯಿಂದ ತಲೆಯಾಡಿಸುತ್ತಿದ್ದೆ. ಹಳೇ ಇಂಜಿನ್ ತನ್ನ ಗುಟ್ಟು ಬಿಟ್ಟುಕೊಡುವುದು ರಾತ್ರಿಯಿಡೀ ತಣ್ಣಗೆ ನಿಂತು ಬೆಳಿಗ್ಗೆ ಎದ್ದ ಮೊದಲ ಒಂದು ನಿಮಿಷದಲ್ಲಿ ಅಂತ ಆಗ ನನಗೆ ಗೊತ್ತಿರಲಿಲ್ಲ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಚೈನ್ ಸಡಿಲಾಗಿದ್ದರೆ ಕಟಕಟ ಅನ್ನುವುದು ಆಗಲೇ. ವಾಲ್ವ್ ಸಂದಿಯಿಂದ ಇಳಿದ ಆಯಿಲ್ ನೀಲಿ ಹೊಗೆಯಾಗಿ ಹೊರಗೆ ಬರುವುದೂ ಆಗಲೇ. ಬಿಸಿ ಇಂಜಿನ್ ತೋರಿಸುವುದು ಅಂದರೆ ಪರೀಕ್ಷೆ ಬರೆದು ಮುಗಿದ ಮೇಲೆ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ.

ನನಗೆ ಬೇಕಾಗಿದ್ದದ್ದು ಜಾಗ್ವಾರ್ ಎಕ್ಸ್‌ಜೆ6, ಇಂಗ್ಲೆಂಡಿನ ಹಳೇ ಐಷಾರಾಮಿ ಕಾರು. ಅದರಲ್ಲೂ ಸೀರೀಸ್ 3, 4.2 ಲೀಟರ್ ಇಂಜಿನ್‌ನದ್ದು. ಎಕ್ಸ್‌ಜೆ ಮೊದಲು ಬಂದದ್ದು 1968ರಲ್ಲಿ. ಜಾಗ್ವಾರ್ ಕಟ್ಟಿದ ವಿಲಿಯಂ ಲಯನ್ಸ್ ಕೈಯಿಂದ ರೂಪ ಪಡೆದ ಕೊನೆಯ ಸಲೂನ್, ಅಂದರೆ ನಾಲ್ಕು ಬಾಗಿಲಿನ ಕಾರು, ಇದು. ಈ ಮನುಷ್ಯ 1922ರಲ್ಲಿ ವ್ಯಾಪಾರ ಶುರು ಮಾಡಿದ್ದು ಮೋಟಾರ್‌ಸೈಕಲ್ಲಿಗೆ ಸೈಡ್‌ಕಾರ್ ಮಾಡಿಕೊಡುವುದರಿಂದ. ಆಮೇಲೆ 1979ರಲ್ಲಿ ಸೀರೀಸ್ 3 ಬಂತು. ಇಟಲಿಯ ಕಾರು ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾದವರು ಮೇಲ್ಛಾವಣಿಯನ್ನು ಸ್ವಲ್ಪ ಎತ್ತಿ, ಗಾಜು ದೊಡ್ಡದು ಮಾಡಿ, ಬಾಗಿಲ ಹಿಡಿಗಳನ್ನು ಮೈಯೊಳಗೆ ಕೂರಿಸಿದರು. ಹಳೇ ಕಾರಿಗೆ ಹೊಸ ಚಂದ ಹಚ್ಚಲು ಹೋಗಿ ಕೆಡಿಸಿದವರೇ ಜಾಸ್ತಿ. ಇದು ಮಾತ್ರ ಮೊದಲಿಗಿಂತ ಚೆನ್ನಾಗಿ ಆಯಿತು ಅಂತ ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ, ಇರಲಿ.

ಇದೇ ಮೈಯಲ್ಲಿ 5.3 ಲೀಟರಿನ ಹನ್ನೆರಡು ಸಿಲಿಂಡರ್ ಕಾರೂ ಸಿಗುತ್ತದೆ. ಕೆಲವೊಮ್ಮೆ ಆರು ಸಿಲಿಂಡರಿನದ್ದಕ್ಕಿಂತ ಅಗ್ಗಕ್ಕೇ ಸಿಗುತ್ತದೆ. ಯಾಕೆ ಅಗ್ಗ ಅಂತ ಬಾನೆಟ್ ಎತ್ತಿದರೆ ತಿಳಿಯುತ್ತದೆ. ಒಳಗೆ ಕೈ ಹಾಕಲು ಜಾಗವಿಲ್ಲ. ಅಷ್ಟೂ ಇಂಜಿನ್ನಿನ ಬಿಸಿಗೆ ಹೋಸು, ವೈರು ಎಲ್ಲ ಹಪ್ಪಳವಾಗಿರುತ್ತವೆ. ಆಸೆ ಪಟ್ಟೆ, ಮುಚ್ಚಿದೆ, ಬಂದೆ.

ನಾಲ್ಕನೇ ಕಾರಿಗೆ ನನ್ನ ಗೆಳೆಯನನ್ನು ಕರೆದುಕೊಂಡು ಹೋದೆ. ಅವನು ಮೆಕ್ಯಾನಿಕ್. ಮಾತು ಕಮ್ಮಿ, ಬೈಗುಳ ಜಾಸ್ತಿ. ಆ ಕಾರು ಕಡುಗೆಂಪು. ಫೋಟೋದಲ್ಲಿ ನೋಡಿಯೇ ನಾನು ಅರ್ಧ ಕೊಂಡುಬಿಟ್ಟಿದ್ದೆ. ಗೆಳೆಯ ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದ. ಪೇಂಟಿಗೆ ಗೀರು ಬೀಳಬಾರದು ಅಂತ ಅದಕ್ಕೆ ಬಟ್ಟೆ ಸುತ್ತಿತ್ತು. ಹಿಂದಿನ ಚಕ್ರದ ಮೇಲಿನ ಕಮಾನಿಗೆ ಹಿಡಿದ. ಅಂಟಲಿಲ್ಲ. ಬಾಗಿಲ ಕೆಳಗಿನ ಅಂಚಿಗೆ ಹಿಡಿದ. ಜಾರಿ ಬಿತ್ತು. ಬಾಗಿಲ ನಡುಭಾಗಕ್ಕೆ ಹಿಡಿದರೆ ಟಪ್ ಅಂತ ಕಚ್ಚಿಕೊಂಡಿತು.

"ಲೋ, ಇದು ಕಾರಲ್ಲ. ಪುಟ್ಟಿ ಮೂರ್ತಿ" ಅಂದ. ತುಕ್ಕು ತಿಂದ ಜಾಗಕ್ಕೆಲ್ಲ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು.

ಮಾರುವವರು ಮುಖ ಸಿಂಡರಿಸಿದರು. ಗೆಳೆಯ ಅದನ್ನು ನೋಡಲೇ ಇಲ್ಲ, ನೆಲದ ಮೇಲೆ ಮಲಗಿ ಟಾರ್ಚ್ ಹಿಡಿದು ಕೆಳಗೆ ತೂರಿದ್ದ. ಈ ಕಾರಿಗೆ ಬೇರೆಯಾಗಿ ಚಾಸಿ ಇಲ್ಲ, ಮೈಯೇ ಚಾಸಿ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರವನ್ನು ಹಿಡಿದಿಡುವ ರೇಡಿಯಸ್ ಆರ್ಮ್ ಅನ್ನುವ ತೋಳು ಚಕ್ರದ ಮುಂದೆ ಬೋಲ್ಟ್ ಆಗುವ ಜಾಗ, ಮುಂದೆ ಇಂಜಿನ್ ಹೊತ್ತ ಅಡ್ಡ ತೊಲೆ, ಇವು ಗಟ್ಟಿಯಾಗಿರಬೇಕು. ಆ ಅಡ್ಡ ತೊಲೆ ಪೆಟ್ಟಿಗೆಯ ಹಾಗೆ ಮುಚ್ಚಿಕೊಂಡಿರುತ್ತದೆ. ನೀರು ಒಳಗೆ ಸೇರಿದರೆ ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ಹೊರಗೆ ಕಾಣುವಾಗ ಕಥೆ ಮುಗಿದಿರುತ್ತದೆ. ಆ ಕೆಂಪು ಕಾರಿನ ತೊಲೆಗೆ ಗೆಳೆಯ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿದ. ಲೋಹದ ಸದ್ದು ಬರಲಿಲ್ಲ. ರಟ್ಟಿನ ಸದ್ದು ಬಂತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಅವನು ಒಂದೇ ಮಾತು ಹೇಳಿದ್ದು. "ಇಂಜಿನ್ ಬಿಚ್ಚಿ ಕಟ್ಟಬಹುದು. ಗೇರ್‌ಬಾಕ್ಸ್ ಬದಲಾಯಿಸಬಹುದು. ಮೈ ಹೋದ್ರೆ ಹೋಯ್ತು. ಕಾರಿಗೆ ಅಂತ ಎತ್ತಿಟ್ಟಿದ್ದರಲ್ಲಿ ಮೂರನೇ ಒಂದು ಪಾಲು ಮುಟ್ಟಬೇಡ. ಕೊಂಡ ಮೇಲೆ ಬೇಕಾಗುತ್ತೆ."

ಐದನೆಯದು ನಾವು ಕೊಂಡ ಕಾರು. ಫೋಟೋ ಎಷ್ಟು ಕೆಟ್ಟದಾಗಿತ್ತು ಅಂದರೆ ಎರಡು ವಾರ ನಾನು ಅದನ್ನು ದಾಟಿಕೊಂಡು ಹೋಗುತ್ತಿದ್ದೆ. ತಿಳಿ ನೀಲಿ ಬಣ್ಣ. ಒಂದು ಕಡೆ ಬಾಗಿಲಿಗೆ ಬೇರೆ ನೀಲಿ. ಛಾವಣಿಯ ಒಳಬಟ್ಟೆ ಮಳೆಗಾಲದ ಡೇರೆಯ ಹಾಗೆ ಜೋತು ಬಿದ್ದಿತ್ತು. ಸೀರೀಸ್ 3ರಲ್ಲಿ ಆ ಬಟ್ಟೆಯನ್ನು ಸ್ಪಂಜಿನ ಮೇಲೆ ಅಂಟಿಸಿರುತ್ತಾರೆ. ವರ್ಷ ಕಳೆದಂತೆ ಸ್ಪಂಜು ಪುಡಿಯಾಗಿ ಬಟ್ಟೆ ಕಳಚಿಕೊಳ್ಳುತ್ತದೆ. ನೋಡಲು ಭಯಂಕರ, ಸರಿ ಮಾಡುವುದು ಸುಲಭ. ಇಂಥ ದೋಷಗಳು ಕೊಳ್ಳುವವನಿಗೆ ಲಾಭ.

ಮಾಲೀಕರು ವಯಸ್ಸಾದವರು. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ಹೇಳಿದರು. "ಸ್ಟಾರ್ಟ್ ಮಾಡೋದಿಲ್ಲ, ನೀವೇ ಬಂದು ಮಾಡಿ. ಇನ್ನೊಂದು ವಿಷಯ. ಬಲಗಡೆ ಟ್ಯಾಂಕ್ ಸೋರುತ್ತೆ. ಐದು ವರ್ಷದಿಂದ ಅದಕ್ಕೆ ಒಂದು ಹನಿ ಹಾಕಿಲ್ಲ. ಅದು ತೊಂದರೆ ಅನ್ನಿಸಿದ್ರೆ ಸುಮ್ನೆ ಇಷ್ಟು ದೂರ ಬರಬೇಡಿ."

ಎಕ್ಸ್‌ಜೆಗೆ ಎರಡು ಪೆಟ್ರೋಲ್ ಟ್ಯಾಂಕ್. ಡಿಕ್ಕಿಯ ಎಡಕ್ಕೊಂದು, ಬಲಕ್ಕೊಂದು. ಹಿಂದಿನ ಎರಡೂ ಭುಜದ ಮೇಲೆ ಒಂದೊಂದು ಹೊಳೆಯುವ ಮುಚ್ಚಳ. ಚಾಲಕನ ಮುಂದಿನ ಹಲಗೆಯಲ್ಲಿ ಒಂದು ಸ್ವಿಚ್. ಒತ್ತಿದರೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಮುಳ್ಳು ಆಯ್ದುಕೊಂಡ ಟ್ಯಾಂಕಿನ ಲೆಕ್ಕವನ್ನಷ್ಟೇ ತೋರಿಸುತ್ತದೆ. ಮುಚ್ಚಳದ ಸುತ್ತ ಬೀಳುವ ಮಳೆನೀರು ಇಳಿದು ಹೋಗಲು ಸಣ್ಣ ಕೊಳವೆ ಇದೆ. ಅದರಲ್ಲಿ ಕಸ ಕಟ್ಟಿದರೆ ನೀರು ನಿಲ್ಲುತ್ತದೆ, ತುಕ್ಕು ಶುರುವಾಗುತ್ತದೆ. ನಲವತ್ತು ವರ್ಷದಲ್ಲಿ ಆ ಕೊಳವೆಗೆ ಯಾರೂ ಒಂದು ಕಡ್ಡಿ ಹಾಕಿ ನೋಡದಿದ್ದರೆ ಟ್ಯಾಂಕ್ ತಾನೇ ಏನು ಮಾಡೀತು?

ನಾವು ಬೆಳಿಗ್ಗೆ ಹೋದಾಗ ಅವರು ಇಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿದ್ದರು. "ನಿನ್ನೆ ರಾತ್ರಿ ಹಾಕಿದ್ದು. ಎಷ್ಟು ಆಯಿಲ್ ಬಿದ್ದಿದೆ ನೀವೇ ಎಣಿಸಿಕೊಳ್ಳಿ" ಅಂದರು. ಹಿಂದುಗಡೆ ನಾಲ್ಕು ಹನಿ. ಗೆಳೆಯನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಈ ಇಂಜಿನ್ನಿನ ಹಿಂದಿನ ಸೀಲು ಹಗ್ಗದಂಥದ್ದು. ಸ್ವಲ್ಪ ತೊಟ್ಟಿಕ್ಕುವುದು ಅದರ ಸ್ವಭಾವ. ರಟ್ಟು ಒಣಗಿದ್ದರೆ ಇಂಜಿನ್ನಲ್ಲಿ ಆಯಿಲ್ಲೇ ಇಲ್ಲ ಅಂತ ಅನುಮಾನ ಪಡುತ್ತಿದ್ದೆ ಅಂತ ಅವನು ಆಮೇಲೆ ಹೇಳಿದ.

ಬಾನೆಟ್ ತಣ್ಣಗಿತ್ತು. ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆವು. ಕೂಲಂಟ್ ಹಸಿರಾಗಿ ತಿಳಿಯಾಗಿತ್ತು. ಇದು ಸಣ್ಣ ವಿಷಯ ಅಲ್ಲ. ಈ ಎಕ್ಸ್‌ಕೆ ಇಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಬರೀ ನೀರು ಹಾಕಿ ಓಡಿಸಿದರೆ ನೀರು ಹರಿಯುವ ದಾರಿಯಲ್ಲಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕೆಸರು ಕಟ್ಟುತ್ತದೆ, ಬಿಸಿ ಏರುತ್ತದೆ, ಹೆಡ್ ಸೊಟ್ಟಗಾಗುತ್ತದೆ. 4.2ರಲ್ಲಿ ಸಿಲಿಂಡರುಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಅತಿಯಾಗಿ ಕಾದರೆ ನಡುವೆ ಬಿರುಕು ಬಿಡುವುದೂ ಉಂಟು. ಇಂಜಿನ್ ಮಾತ್ರ ಹೆಮ್ಮೆಯ ಕುಲದ್ದು. 1948ರಲ್ಲಿ ಎಕ್ಸ್‌ಕೆ120 ಸ್ಪೋರ್ಟ್ಸ್ ಕಾರಿನಲ್ಲಿ ಮೊದಲು ಬಂದದ್ದು. 1951ರಿಂದ 1957ರೊಳಗೆ ಫ್ರಾನ್ಸಿನ ಇಪ್ಪತ್ನಾಲ್ಕು ಗಂಟೆಯ ಲ ಮಾನ್ಸ್ ಕಾರು ಓಟವನ್ನು ಐದು ಸಲ ಗೆದ್ದದ್ದು. ಅದೇ ವಂಶದ ಇಂಜಿನ್ ಮೂವತ್ತು ವರ್ಷ ಆದ ಮೇಲೂ ಈ ಸಲೂನಿನಲ್ಲಿ ಕೂತಿದೆ.

ಕೀ ತಿರುಗಿಸಿದೆ. ಒಂದು ಸಲ ಕೆಮ್ಮಿತು. ಎರಡನೇ ಸಲಕ್ಕೆ ಎದ್ದಿತು. ನಾಲ್ಕೈದು ಸೆಕೆಂಡ್ ನೀಲಿ ಹೊಗೆ ಬಂದು ನಿಂತಿತು. ಗೆಳೆಯ ಕಿವಿ ಹತ್ತಿರ ಇಟ್ಟು ನಿಂತ. ಟಿಕ್ ಟಿಕ್ ಅಂತ ಹೊಲಿಗೆ ಯಂತ್ರದ ಸದ್ದು.

"ಇದು ಸರಿ ಇದೆಯಾ?" ಅಂತ ಕೇಳಿದೆ.

"ಸದ್ದೇ ಇಲ್ಲದಿದ್ರೆ ಭಯ. ಇದರಲ್ಲಿ ವಾಲ್ವ್ ಗ್ಯಾಪ್ ಸರಿ ಮಾಡೋಕೆ ಕ್ಯಾಮ್ ಶಾಫ್ಟ್ ಬಿಚ್ಚಿ ಕೆಳಗಿನ ಬಿಲ್ಲೆ ಬದಲಾಯಿಸಬೇಕು. ಯಾರೂ ಮಾಡಲ್ಲ. ಗ್ಯಾಪ್ ಮುಚ್ಚಿಹೋಗಿ ವಾಲ್ವ್ ಸುಡುತ್ತೆ. ಟಿಕ್ ಟಿಕ್ ಅಂದ್ರೆ ಗ್ಯಾಪ್ ಇದೆ ಅಂತ."

ಆಯಿಲ್ ಒತ್ತಡದ ಮುಳ್ಳು ಮಾತ್ರ ಎದೆ ಝಲ್ ಎನ್ನಿಸುವಷ್ಟು ಕೆಳಗಿತ್ತು. ಮಾಲೀಕರು ನಕ್ಕರು. ಆ ಮುಳ್ಳಿಗೆ ಸುದ್ದಿ ಕಳಿಸುವ ಸೆಂಡರ್ ಸುಳ್ಳು ಹೇಳುವುದರಲ್ಲಿ ಹೆಸರುವಾಸಿ. ಗೆಳೆಯ ತನ್ನದೇ ಮೀಟರ್ ತಂದಿದ್ದ. ಸೆಂಡರ್ ಬಿಚ್ಚಿ ಅದನ್ನು ಸಿಕ್ಕಿಸಿದ. ಇಂಜಿನ್ ಚೆನ್ನಾಗಿ ಕಾದ ಮೇಲೆ 3000 ಆರ್‌ಪಿಎಮ್‌ನಲ್ಲಿ 40 ಪಿಎಸ್‌ಐ ಬರಬೇಕು. 42 ಬಂತು. ನನ್ನ ಉಸಿರೂ ಬಂತು.

ಆಮೇಲೆ ಅವರು ಒಂದು ಉದ್ದನೆಯ ನೋಟ್‌ಬುಕ್ ತಂದರು. ಹಾಕಿದ ಪ್ರತಿ ಲೀಟರ್, ಬದಲಾಯಿಸಿದ ಪ್ರತಿ ಬೆಲ್ಟ್, ಎಲ್ಲ ಅದರಲ್ಲಿತ್ತು. ಒಂದು ಪುಟದಲ್ಲಿ ದೊಡ್ಡದಾಗಿ ಬರೆದಿದ್ದರು, "1ನೇ ಸಿಲಿಂಡರ್ ಹಿಂದುಗಡೆ!!" ಏನು ಅಂತ ಕೇಳಿದೆ. ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಕಡೆಯಿಂದ ಎಣಿಸಿದರೆ, ಜಾಗ್ವಾರಿನವರು ಈ ಇಂಜಿನ್ನನ್ನು ಚಾಲಕನ ಕಡೆಯಿಂದ ಎಣಿಸುತ್ತಾರಂತೆ. ಯಾವುದೋ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಪ್ಲಗ್ ವೈರುಗಳನ್ನೆಲ್ಲ ಮುಂದಿನಿಂದ ಹಾಕಿಕೊಂಡು ಬಂದು, ಅರ್ಧ ದಿನ ಎಲ್ಲರೂ ತಲೆ ಕೆರೆದುಕೊಂಡರಂತೆ.

ಆ ನೋಟ್‌ಬುಕ್ಕಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೈಲೇಜ್. ಮೊದಲೆಲ್ಲ ಲೀಟರಿಗೆ ಸುಮಾರು ಆರು ಕಿಲೋಮೀಟರ್. ಈ ಕಾರಿಗೆ ಅದು ಒಳ್ಳೆಯದೇ. ಐದು ವರ್ಷದಿಂದ ಈಚೆಗೆ ನಾಲ್ಕು. ಕೆಲವು ತಿಂಗಳು ಅದಕ್ಕೂ ಕಮ್ಮಿ.

"ಇಂಜಿನ್ ಸುಸ್ತಾಗಿದೆ" ಅಂದರು ಅವರು, ಬೇಸರದಲ್ಲಿ. "ಮಿಕ್ಸ್ಚರ್ ಸರಿ ಮಾಡಿಸಿದೆ. ಇಂಜೆಕ್ಟರ್ ತೊಳೆಸಿದೆ. ಏನೂ ಆಗಲಿಲ್ಲ. ಅದಕ್ಕೇ ಬೆಲೆ ಕಮ್ಮಿ ಹೇಳಿದ್ದು."

ಗೆಳೆಯ ಏನೂ ಹೇಳಲಿಲ್ಲ. ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಒಳಗಿನ ಒತ್ತಡ ನೋಡಿದ. ಆರು ಸಿಲಿಂಡರಿನಲ್ಲೂ ಹೆಚ್ಚು ಕಮ್ಮಿ ಒಂದೇ. ಸುಸ್ತಾದ ಇಂಜಿನ್ನಿನ ಲೆಕ್ಕ ಹೀಗಿರುವುದಿಲ್ಲ. ಅವನಿಗೂ ಅದು ಗೊತ್ತಾಗಿರಬೇಕು. ಕಾರು ಮಾರುವವರ ಮುಂದೆ ಅವನು ಯೋಚನೆಯನ್ನು ಬಾಯಿಗೆ ತರುವವನಲ್ಲ.

ಓಡಿಸಿ ನೋಡಿದೆವು. ಎಕ್ಸ್‌ಜೆ ಬಗ್ಗೆ ಜನ ಹೇಳುವುದೆಲ್ಲ ನಿಜ. ರಸ್ತೆಯ ಹೊಂಡ ಕಣ್ಣಿಗೆ ಕಾಣುತ್ತದೆ, ಸೊಂಟಕ್ಕೆ ತಿಳಿಯುವುದಿಲ್ಲ. ಹಿಂದೆ ಒಂದೊಂದು ಚಕ್ರಕ್ಕೆ ಎರಡೆರಡು ಸ್ಪ್ರಿಂಗ್, ಎರಡೆರಡು ಶಾಕ್ ಅಬ್ಸಾರ್ಬರ್. ಸುಖಕ್ಕೆ ಎರಡು ಪಟ್ಟು, ಬದಲಾಯಿಸುವಾಗ ಖರ್ಚಿಗೂ ಎರಡು ಪಟ್ಟು. ಹಿಂದಿನ ಬ್ರೇಕ್ ಡಿಸ್ಕ್‌ಗಳು ಚಕ್ರದ ಬಳಿ ಇಲ್ಲ, ಒಳಗೆ ನಡುವೆ, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಅಂಟಿಕೊಂಡಿವೆ. ಬ್ರೇಕಿನ ಬಿಸಿಗೆ ಅಲ್ಲಿನ ಆಯಿಲ್ ಸೀಲು ಗಟ್ಟಿಯಾಗಿ ಸೋರಲು ಶುರುವಾದರೆ ಆಯಿಲ್ ನೇರ ಡಿಸ್ಕ್ ಮೇಲೆ. ಸರಿಯಾಗಿ ಕೆಲಸ ಮಾಡಬೇಕಾದರೆ ಹಿಂದಿನ ಇಡೀ ತೊಟ್ಟಿಲನ್ನು ಕೆಳಗಿಳಿಸಬೇಕು. ಇದರಲ್ಲಿ ಡಿಸ್ಕ್ ಒಣಗಿದ್ದವು. ಗೇರ್ ಬದಲಾಗುವಾಗ ಹಿಂದಿನಿಂದ ಒಂದು ಸಣ್ಣ ಠಕ್ ಕೇಳಿಸಿತು. ಯೂನಿವರ್ಸಲ್ ಜಾಯಿಂಟ್ ಅಂತ ಗೆಳೆಯ ಬರೆದುಕೊಂಡ. ಗೇರ್‌ಬಾಕ್ಸ್ ಆಯಿಲ್ ಕೆಂಪಾಗಿತ್ತು, ಸುಟ್ಟ ವಾಸನೆ ಇರಲಿಲ್ಲ.

ಡಿಕ್ಕಿ ತೆರೆದಾಗ ಮಾತ್ರ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. "ಹಳೇ ವಾಸನೆ. ಟ್ಯಾಂಕ್ ಸೋರುತ್ತಿದ್ದಾಗ ಕಾರ್ಪೆಟ್ಟಿಗೆ ಹಿಡಿದದ್ದು ಹೋಗಲೇ ಇಲ್ಲ" ಅಂದರು ಮಾಲೀಕರು. ಟ್ಯಾಂಕ್ ಬದಲಾಯಿಸುವ ಸ್ವಿಚ್ ಮೇಲೆ ಕಪ್ಪು ಟೇಪ್ ಅಂಟಿಸಿದ್ದರು. ಮರೆತು ಯಾರಾದರೂ ಒತ್ತಿದರೆ ಖಾಲಿ ಟ್ಯಾಂಕಿಗೆ ಬದಲಾಗಿ ನಡುದಾರಿಯಲ್ಲಿ ಗಾಡಿ ನಿಲ್ಲುತ್ತದಲ್ವಾ, ಅದಕ್ಕೆ.

ಚೌಕಾಸಿ ಜಾಸ್ತಿ ನಡೆಯಲಿಲ್ಲ. ತಾನೇ ಎಲ್ಲ ದೋಷ ಹೇಳಿಬಿಟ್ಟ ಮನುಷ್ಯನ ಜೊತೆ ಏನು ಹಿಡಿದು ಎಳೆದಾಡುವುದು? ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಕಾಗದದ ಜೊತೆ ಒಂದೊಂದೇ ಅಂಕಿ ಬೆರಳಿಟ್ಟು ತಾಳೆ ನೋಡಿದೆವು. ಸಾಲ ಬಾಕಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಹೆಸರು ಬದಲಾವಣೆ, ವಿಮೆ, ಇದೆಲ್ಲ ಯಾವ ಕಾರಿಗೂ ಇರುವ ತಲೆನೋವೇ. ವಿಮೆಯಲ್ಲಿ ಒಂದು ಮಾತ್ರ ಬೇರೆ. ಇಂಥ ಕಾರಿಗೆ ಇಷ್ಟು ಬೆಲೆ ಅಂತ ಮೊದಲೇ ಒಪ್ಪಿ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಏನಾದರೂ ಆದಾಗ ಹಳೇ ಕಾರು ಅಂತ ಗುಜರಿ ಬೆಲೆ ಹಿಡಿಯುತ್ತಾರೆ.

ಮನೆಗೆ ತಂದ ಮೂರನೇ ದಿನ ಎಡಗಡೆ ಟ್ಯಾಂಕ್ ತುಂಬಿಸಿ ದೂರ ಹೋದೆ. ಮುಳ್ಳು ಇಳಿಯುವ ವೇಗ ನೋಡಿ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಲೀಟರಿಗೆ ನಾಲ್ಕೂ ಬರುವ ಹಾಗಿರಲಿಲ್ಲ. ಒಂದು ಕಡೆ ಕಾರು ನಿಲ್ಲಿಸಿ ಸುಮ್ನೆ ಕೂತಿದ್ದೆ. ಬೆರಳು ಆ ಕಪ್ಪು ಟೇಪಿನ ಅಂಚನ್ನು ಕೀಳುತ್ತಿತ್ತು. ಟೇಪ್ ಬಂತು. ಇಂಜಿನ್ ಆಫ್ ಮಾಡಿ, ಕೀ ಮಾತ್ರ ತಿರುಗಿಸಿ ಸ್ವಿಚ್ ಒತ್ತಿದೆ.

ಮುಳ್ಳು ಮೇಲೆದ್ದಿತು. ಸೊನ್ನೆಯಿಂದ ನಿಧಾನವಾಗಿ ಏರಿ ಕಾಲು ಭಾಗಕ್ಕೆ ಬಂದು ನಿಂತಿತು.

ಐದು ವರ್ಷದಿಂದ ಒಂದು ಹನಿ ಹಾಕದ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್!

ಗೆಳೆಯನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಮೊದಲು ಮೌನ, ಆಮೇಲೆ ಬೈಗುಳ, ಆದರೆ ನನಗಲ್ಲ, ತನಗೇ ಬೈದುಕೊಳ್ಳುತ್ತಿದ್ದ. "ಇಂಜಿನ್ ಆಫ್ ಮಾಡಿದ್ದೀಯ ತಾನೇ? ಮತ್ತೆ ಸ್ಟಾರ್ಟ್ ಮಾಡ್ಬೇಡ. ಹತ್ತಿರ ಬೀಡಿ ಸೇದೋರು ಯಾರಾದ್ರೂ ಇದ್ರೆ ದೂರ ಕಳಿಸು. ನಾನೇ ಬರ್ತೀನಿ."

ಅವನು ಬಂದು ವಿವರಿಸಿದ. ಇಂಜೆಕ್ಷನ್ ಇರುವ ಇಂಜಿನ್ನಿಗೆ ಪಂಪು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕಳಿಸುತ್ತದೆ. ಮಿಕ್ಕಿದ್ದು ವಾಪಸ್ ಟ್ಯಾಂಕಿಗೆ ಬರಬೇಕು. ಯಾವ ಟ್ಯಾಂಕಿನಿಂದ ಹೋಯಿತೋ ಅದಕ್ಕೇ ಬರಲಿ ಅಂತ ಎರಡೂ ಕಡೆ ಒಂದೊಂದು ವಾಲ್ವ್ ಇದೆ. ಬಲಗಡೆಯ ವಾಲ್ವ್ ಕಸ ಸಿಕ್ಕಿ ಪೂರ್ತಿ ಮುಚ್ಚದೆ ನಿಂತಿತ್ತು. ಹಾಗಾಗಿ ಎಡಗಡೆಯಿಂದ ಹೋದ ಪೆಟ್ರೋಲಿನಲ್ಲಿ ಒಂದಷ್ಟು ಬಲಗಡೆಗೆ ಬಂದು ಬೀಳುತ್ತಿತ್ತು. ಆ ಟ್ಯಾಂಕಿನ ಬೆಸುಗೆಯಲ್ಲಿ ತೂತಾಗಿದ್ದದ್ದು ತಳದಲ್ಲಲ್ಲ, ಕಾಲು ಭಾಗ ಮೇಲೆ. ಪೆಟ್ರೋಲ್ ಅಲ್ಲಿಯವರೆಗೆ ತುಂಬಿ, ಆಮೇಲೆ ಬಂದದ್ದೆಲ್ಲ ಓಡುವಾಗಲೇ ರಸ್ತೆಗೆ ತೊಟ್ಟಿಕ್ಕುತ್ತಿತ್ತು. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತಿತ್ತು. ಅದಕ್ಕೇ ನೆಲದ ಮೇಲೆ ಯಾವತ್ತೂ ಕಲೆ ಇರಲಿಲ್ಲ, ವಾಸನೆ ಮಾತ್ರ ಇತ್ತು.

ಐದು ವರ್ಷ ಈ ಕಾರಿಗೆ ಬೆಂಕಿ ಹತ್ತಲಿಲ್ಲ ಅನ್ನುವುದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಟೋಯಿಂಗ್ ಗಾಡಿಯ ಮೇಲೆ ಅದು ಗ್ಯಾರೇಜಿಗೆ ಹೋಯಿತು. ಎರಡೂ ಟ್ಯಾಂಕ್ ಖಾಲಿ ಮಾಡಿ, ಬಂಪರ್ ಬಿಚ್ಚಿ ಬಲಗಡೆಯದನ್ನು ಇಳಿಸಿದರು. ಬೆಸುಗೆ ಹಾಕಿ ಉಳಿಸುವ ಹಾಗಿರಲಿಲ್ಲ. ಮುಟ್ಟಬೇಡ ಅಂತ ಎತ್ತಿಟ್ಟಿದ್ದ ಮೂರನೇ ಪಾಲಿಗೆ ಅವತ್ತೇ ಕೈ ಹಾಕಿದೆ. ಹೊಸ ಟ್ಯಾಂಕ್, ಎರಡೂ ವಾಲ್ವ್, ಹಳೇ ಹೋಸುಗಳೆಲ್ಲ ಬದಲು. ಮಳೆನೀರಿನ ಕೊಳವೆಯಿಂದ ಗೆಳೆಯ ತೆಗೆದ ಕಸದಲ್ಲಿ ಒಂದು ಗುಬ್ಬಚ್ಚಿ ಗೂಡು ಕಟ್ಟಬಹುದಿತ್ತು.

ಒಂದು ತಿಂಗಳು ಓಡಿಸಿ, ಲೆಕ್ಕ ಹಾಕಿ, ಹಳೇ ಮಾಲೀಕರಿಗೆ ಫೋನ್ ಮಾಡಿದೆ. ಮಾಡಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದ್ದೆ. ಇಂಜಿನ್ ಸುಸ್ತಾಗಿದೆ ಅಂತ ನಂಬಿ ಅವರು ಬೆಲೆ ಇಳಿಸಿದ್ದು. ಅದು ಸುಸ್ತಾಗಿರಲಿಲ್ಲ. ಎಲ್ಲ ಹೇಳಿದೆ. ಬೇಕಾದರೆ ಬೆಲೆಯ ವಿಷಯ ಮತ್ತೆ ಮಾತಾಡೋಣ ಅಂತಲೂ ಹೇಳಿದೆ.

ಬಹಳ ಹೊತ್ತು ಸುಮ್ಮನಿದ್ದರು. ಬೇಜಾರಾಯಿತೇನೋ ಅಂದುಕೊಂಡೆ.

"ಹಾಗಾದ್ರೆ ಇಂಜಿನ್ ಚೆನ್ನಾಗಿದೆ?" ಅಂತ ಕೇಳಿದರು.

"ಚೆನ್ನಾಗಿದೆ ಸರ್."

"ಈಗ ಎಷ್ಟು ಕೊಡ್ತಿದೆ?"

"ಐದು ಮುಕ್ಕಾಲು."

"ನೋಟ್‌ಬುಕ್‌ನಲ್ಲಿ ಬರೆದ್ರಾ?"

ಇಲ್ಲ ಅಂದೆ. "ಮತ್ತೆ ಬರೀರಿ, ಬರೀರಿ" ಅಂತ ಫೋನ್ ಇಟ್ಟರು. ಬೆಲೆಯ ಮಾತೇ ಎತ್ತಲಿಲ್ಲ.